ಅಜ್ಜಿಯ ಮಿರಗಾ ತಾರಾಲಯದಲ್ಲಿ ಯಾಕೆ ಕಾಣಲಿಲ್ಲ?

ಪ್ರಶ್ನೆ: ನಾವು ಇಪ್ಪತ್ತು ವರ್ಷದಿಂದ ಡೊಂಬಿವಲಿಯಲ್ಲಿದ್ದೇವೆ. ಊರು ಗದಗದ ಹತ್ತಿರ. ಈ ಜೂನ್ ಎರಡನೇ ವಾರದಲ್ಲಿ ಅತ್ತೆಯವರು ಊರಿಂದ ಬಂದಿದ್ದರು. ಮಕ್ಕಳ ಜೊತೆ ಅವರನ್ನೂ ವರ್ಲಿಯ ನೆಹರೂ ತಾರಾಲಯಕ್ಕೆ ಕರೆದುಕೊಂಡು ಹೋದೆವು. ಇಂಗ್ಲಿಷ್ ಶೋ ಸಿಕ್ಕಿತು. ಹೊರಗೆ ಬಂದ ಮೇಲೆ ಅತ್ತೆ, "ಎಲ್ಲಾ ತೋರಿಸಿದ್ರು, ನಮ್ಮ ಮಿರಗಾ ಎಲ್ಲೈತಿ?" ಅಂದರು. ಮೃಗಶಿರ ನಕ್ಷತ್ರಕ್ಕೆ ನಮ್ಮ ಕಡೆ ಮಿರಗಾ ಅನ್ನುತ್ತಾರೆ. ಹದಿನಾಲ್ಕು ವರ್ಷದ ಮಗ, "ಅಜ್ಜಿ, ಅದೆಲ್ಲ ಸುಮ್ನೆ ನಂಬಿಕೆ, ಸೈನ್ಸ್ ಅಲ್ಲ" ಅಂದುಬಿಟ್ಟ. ಅತ್ತೆ ಆಮೇಲೆ ಮಾತೇ ಆಡಲಿಲ್ಲ. ದೀಪಾವಳಿ ರಜೆಗೆ ಮತ್ತೆ ಬರುತ್ತಾರೆ. ಖಗೋಳದ ಜೊತೆ ನಮ್ಮ ಹಳೇ ನಕ್ಷತ್ರ, ಪಂಚಾಂಗದ ವಿಷಯವನ್ನೂ ತೋರಿಸುವ ಮ್ಯೂಸಿಯಂ ಮುಂಬೈ, ಪುಣೆ ಕಡೆ ಇದೆಯಾ? ಅತ್ತೆಯವರಿಗೆ ಮೊಣಕಾಲು ನೋವು ಬೇರೆ ಇದೆ.

ಉತ್ತರ: ಮ್ಯೂಸಿಯಂ ವಿಷಯ ಆಮೇಲೆ ಹೇಳುತ್ತೇನೆ. ಮೊದಲು ನಿಮ್ಮ ಅತ್ತೆಯವರಿಗೆ ಉತ್ತರ ಸಿಗಬೇಕು. ಅವರು ಕೇಳಿದ್ದು ಸರಿಯಾದ ಪ್ರಶ್ನೆ. ಕೇಳಿದ ತಿಂಗಳು ಮಾತ್ರ ಎಡವಟ್ಟಾಗಿದೆ. ವರ್ಷದಲ್ಲಿ ಮಿರಗಾ ಆಕಾಶದಲ್ಲಿ ಕಾಣದೇ ಇರುವ ದಿನಗಳು ಯಾವುವು ಅಂದರೆ, ಮಿರಗಾ ಮಳೆಯ ಆ ಹದಿನಾಲ್ಕು ದಿನಗಳೇ!

ಇದು ತಮಾಷೆ ಅಲ್ಲ. ಮಳೆ ನಕ್ಷತ್ರ ಅಂದರೆ ಏನು ಅಂತ ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದಾಗ ವರ್ಷಾವರ್ಷ ಕೇಳುತ್ತಿದ್ದೆ. ಕನ್ನಡದ ಮಕ್ಕಳು, ಮರಾಠಿ ಮಕ್ಕಳು, ಯಾರೂ ಸರಿಯಾಗಿ ಹೇಳುತ್ತಿರಲಿಲ್ಲ. ರಾತ್ರಿ ಆ ನಕ್ಷತ್ರ ಮೇಲೆ ಬಂದಾಗ ಸುರಿಯುವ ಮಳೆ ಅಂತಲೇ ಎಲ್ಲರ ಅಂದಾಜು. ಅಲ್ಲ. ಸೂರ್ಯ ಯಾವ ನಕ್ಷತ್ರದ ದಿಕ್ಕಿನಲ್ಲಿ ಇದ್ದಾನೋ ಅದು ಮಳೆ ನಕ್ಷತ್ರ. ಸೂರ್ಯ ಆಕಾಶದಲ್ಲಿ ಒಂದು ಸುತ್ತು ಬರಲು 365 ದಿನ ಮತ್ತೆ ಒಂದಿಷ್ಟು ತಾಸು ತಗೊಳ್ಳುತ್ತಾನೆ. ಅದನ್ನು 27 ಮನೆ ಮಾಡಿ ಹಂಚಿದರೆ ಒಂದೊಂದಕ್ಕೆ ಹದಿಮೂರೂವರೆ ದಿನ. ಮೇ 25ರ ಆಸುಪಾಸು ರೋಹಿಣಿ ಹೊಕ್ಕುತ್ತದೆ, ಜೂನ್ 8ಕ್ಕೆ ಮೃಗಶಿರ, 22ಕ್ಕೆ ಆರಿದ್ರೆ, ಅಂದರೆ ಆರ್ದ್ರಾ. ಮೃಗಶಿರದ ದಿಕ್ಕಿನಲ್ಲಿ ಸೂರ್ಯನೇ ಕೂತಿರುವಾಗ ಆ ನಕ್ಷತ್ರ ಹುಟ್ಟುವುದೂ ಹಗಲಲ್ಲಿ, ಮುಳುಗುವುದೂ ಹಗಲಲ್ಲಿ. ತಾರಾಲಯದವರು ಆ ದಿನದ ಸಂಜೆಯ ಆಕಾಶ ಹಾಕಿ ತೋರಿಸಿದರೆ ಅದರಲ್ಲಿ ಮೃಗಶಿರ ಎಲ್ಲಿಂದ ಬರಬೇಕು?

ಇದನ್ನು ಬಾಯಲ್ಲಿ ಹೇಳಿದರೆ ಹುಡುಗನಿಗೆ ತಲೆಗೆ ಹೋಗುವುದಿಲ್ಲ. ಮ್ಯೂಸಿಯಂಗೆ ಹೋಗುವ ಹಿಂದಿನ ದಿನ ಮನೆಯಲ್ಲೇ ಒಂದು ಆಟ ಆಡಿ. ಹಾಲ್‌ನ ನಡುವೆ ಸ್ಟೂಲ್ ಇಟ್ಟು ಅದರ ಮೇಲೆ ಒಂದು ಟೇಬಲ್ ಲ್ಯಾಂಪ್ ಇಡಿ. ಅದು ಸೂರ್ಯ. ಅತ್ತೆಯವರು ಅಶ್ವಿನಿಯಿಂದ ರೇವತಿವರೆಗೆ ಹೇಳುತ್ತಾ ಹೋಗಲಿ, ಮಕ್ಕಳು 27 ಚೀಟಿ ಬರೆದು ಗೋಡೆ, ಕಪಾಟು, ಫ್ರಿಜ್, ಪರದೆ ಅಂತ ಸುತ್ತಲೂ ಸಾಲಾಗಿ ಅಂಟಿಸಲಿ. ಗೋಡೆಗೆ ಮುಖ ಮಾಡಿ ನಿಂತಾಗ ಎಡಗಡೆಗೆ ಸಾಲು ಮುಂದುವರಿಯಬೇಕು, ಅಷ್ಟು ನೆನಪಿಟ್ಟರೆ ಸಾಕು. ಈಗ ಮಗ ಭೂಮಿ. ಲ್ಯಾಂಪಿನ ಸುತ್ತ ನಡೆಯಲಿ. ಲ್ಯಾಂಪಿನ ಹಿಂದೆ ಗೋಡೆಯ ಮೇಲೆ ಯಾವ ಚೀಟಿ ಕಾಣುತ್ತದೋ ಅದು ಆ ಹೊತ್ತಿನ ಮಳೆ. ಬೆಳಕಿನ ಝಳಕ್ಕೆ ಆ ಚೀಟಿ ಓದಲು ಆಗುವುದಿಲ್ಲ, ಅದೇ ಇಲ್ಲಿಯ ವಿಷಯ. ಈಗ ಹಿಂದಕ್ಕೆ ತಿರುಗು ಅನ್ನಿ. ಬೆನ್ನ ಹಿಂದೆ ಇದ್ದ ಚೀಟಿಯೇ ನಡುರಾತ್ರಿ ನೆತ್ತಿಯ ಕಡೆ ಇರುವ ನಕ್ಷತ್ರ. ಲ್ಯಾಂಪಿನ ಹಿಂದೆ ರೋಹಿಣಿ ಇದ್ದರೆ ಬೆನ್ನ ಹಿಂದೆ ಅನುರಾಧಾ, ಜ್ಯೇಷ್ಠಾ ಇರುತ್ತವೆ. ಮೂರು ಸುತ್ತು ಹೊಡೆದ ಮೇಲೆ ಅವನೇ ಹೇಳುತ್ತಾನೆ, ಜೂನ್‌ನಲ್ಲಿ ಕಾಣದ ಮೃಗಶಿರ ಡಿಸೆಂಬರ್‌ನಲ್ಲಿ ರಾತ್ರಿಯಿಡೀ ಕಾಣಬೇಕಲ್ವಾ ಅಂತ. ಕಾಣುತ್ತದೆ. ಮೂರು ಚುಕ್ಕಿ ಸಾಲಾಗಿ ಇರುವ ಬೇಟೆಗಾರನ ಗುಂಪು ಇದೆಯಲ್ಲ, ಇಂಗ್ಲಿಷ್‌ನಲ್ಲಿ ಓರಿಯನ್ ಅನ್ನುತ್ತಾರೆ, ಅದರ ತಲೆಯ ಕಡೆ ಇರುವ ಸಣ್ಣ ಚುಕ್ಕಿಗಳೇ ಮೃಗಶಿರ. ಅದರ ಹೆಗಲ ಮೇಲಿನ ಕೆಂಪು ನಕ್ಷತ್ರ ಆರಿದ್ರೆ.

ಒಂದು ಸಣ್ಣ ಎಚ್ಚರಿಕೆ. ಈ ಲೆಕ್ಕ ಕೃತ್ತಿಕೆ, ರೋಹಿಣಿ, ಮಘೆ, ಚಿತ್ತೆ ಇವಕ್ಕೆಲ್ಲ ಚೆನ್ನಾಗಿ ಕೂರುತ್ತದೆ. ಸ್ವಾತಿ ಸ್ವಲ್ಪ ತಂಟೆಕೋರ. ಅದು ಸೂರ್ಯನ ದಾರಿಯಿಂದ ಬಹಳ ಉತ್ತರಕ್ಕೆ, ಸುಮಾರು 30 ಡಿಗ್ರಿ ದೂರದಲ್ಲಿದೆ. ಹಾಗಾಗಿ ಸ್ವಾತಿ ಮಳೆಯಲ್ಲೂ ಮುಸ್ಸಂಜೆಗೋ ಮುಂಜಾನೆಗೋ ಅದು ಕಣ್ಣಿಗೆ ಬಿದ್ದರೆ ನನ್ನನ್ನು ಬೈಯಬೇಡಿ.

ಈಗ ನಿಮ್ಮ ಮಗನ ಮಾತಿಗೆ ಬರುತ್ತೇನೆ. ಹದಿನಾಲ್ಕಕ್ಕೆ ಹಾಗೆ ಅನ್ನುವುದು ಸಹಜ, ನಾನೂ ಅಂದಿದ್ದೆ. ಆದರೆ ಅವನು ಎರಡು ಬೇರೆ ಸಾಮಾನುಗಳನ್ನು ಒಂದೇ ಚೀಲಕ್ಕೆ ತುಂಬಿದ್ದಾನೆ. ಅಜ್ಜಿ "ರೋಣಿ ಮಳಿ ಆದ್ರ ಓಣೆಲ್ಲಾ ಜ್ವಾಳ" ಅನ್ನುತ್ತಾರಲ್ಲ, ಅದರಲ್ಲಿ ರೋಣಿ, ಅಂದರೆ ರೋಹಿಣಿ, ಅನ್ನುವುದು ಒಂದು ತಾರೀಖು. ಮೇ ಕೊನೆಯ ವಾರದಲ್ಲಿ ಹದ ಮಳೆ ಬಿದ್ದರೆ ಬಿತ್ತನೆ ಚೆನ್ನಾಗಿ ಆಗುತ್ತದೆ ಅನ್ನುವುದು ಹೊಲದಲ್ಲಿ ಕಂಡ ಮಾತು. "ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ" ಅನ್ನುವುದೂ ಹಾಗೇ. ಚಂದ್ರನ ತಿಂಗಳು ವರ್ಷಕ್ಕೆ ಹನ್ನೊಂದು ದಿನ ಹಿಂದೆ ಸರಿಯುತ್ತದೆ, ಅಧಿಕ ಮಾಸ ಬಂದರೆ ಮುಂದೆ ಜಿಗಿಯುತ್ತದೆ. ಜ್ಯೇಷ್ಠ ಹುಣ್ಣಿಮೆಗೆ ಬಿತ್ತು ಅಂದರೆ ರೈತ ಕೆಟ್ಟ! ಅದಕ್ಕೇ ಹೊಲದ ಕೆಲಸಕ್ಕೆ ಸೂರ್ಯನ ಲೆಕ್ಕವನ್ನು ಇಟ್ಟುಕೊಂಡರು. ಹಬ್ಬಕ್ಕೆ ಚಂದ್ರ, ಹೊಲಕ್ಕೆ ಸೂರ್ಯ. ಇದು ನಂಬಿಕೆ ಅಲ್ಲ, ಕ್ಯಾಲೆಂಡರ್.

ಇನ್ನೊಂದು ಸಾಮಾನು ಇದೆ. ನಿಮ್ಮ ಪಕ್ಕದ ಮನೆಯ ಮರಾಠಿ ಕ್ಯಾಲೆಂಡರ್‌ನಲ್ಲಿ ಮೃಗ ನಕ್ಷತ್ರದ ಪಕ್ಕ ವಾಹನ ಕಪ್ಪೆ, ವಾಹನ ಆನೆ, ವಾಹನ ನರಿ ಅಂತ ಇರುತ್ತದೆ, ನೋಡಿರಬಹುದು. ಕಪ್ಪೆ, ಆನೆ ಬಂದರೆ ಜಾಸ್ತಿ ಮಳೆ, ನರಿ ಬಂದರೆ ಕಮ್ಮಿ. ಅದು ಸೂರ್ಯನ ನಕ್ಷತ್ರದಿಂದ ಚಂದ್ರನ ನಕ್ಷತ್ರದವರೆಗೆ ಎಣಿಸಿ, ಒಂಬತ್ತರಿಂದ ಭಾಗಿಸಿ, ಉಳಿದ ಶೇಷಕ್ಕೆ ಒಂದೊಂದು ಪ್ರಾಣಿ ಹಂಚುವ ಲೆಕ್ಕ. ಮೋಡಕ್ಕೂ ಅದಕ್ಕೂ ಸಂಬಂಧ ಇಲ್ಲ. ಮಗನಿಗೆ ಬೈಯಬೇಕಿದ್ದರೆ ಅದನ್ನು ಬೈಯಲಿ, ನಾನೂ ಜೊತೆಗೆ ಬರುತ್ತೇನೆ. ಅಜ್ಜಿಯ ರೋಣಿಯನ್ನು ಮಾತ್ರ ಬಿಡಲಿ.

ಸರಿ, ಮ್ಯೂಸಿಯಂ. ನೀವು ಕೇಳಿದಂಥ, ಖಗೋಳವನ್ನೂ ಹಳ್ಳಿಯ ನಕ್ಷತ್ರ ಜ್ಞಾನವನ್ನೂ ಒಂದೇ ಸೂರಿನಡಿ ತೋರಿಸುವ ಜಾಗ ಮುಂಬೈನಲ್ಲಿ ನಾನು ಕಂಡಿಲ್ಲ. ಎರಡು ಮೂರು ಕಡೆ ಹೋಗಿ ನೀವೇ ಜೋಡಿಸಿಕೊಳ್ಳಬೇಕು.

ತಾರಾಲಯಕ್ಕೆ ಇನ್ನೊಮ್ಮೆ ಹೋಗಿ, ಆದರೆ ಈ ಸಲ ಮರಾಠಿ ಶೋಗೆ. ಕನ್ನಡದಲ್ಲಿ ಶೋ ಇಲ್ಲ. ಹಿಂದಿ, ಮರಾಠಿ, ಇಂಗ್ಲಿಷ್ ಮೂರೇ. ಗದಗದವರಿಗೆ ಮರಾಠಿ ಪೂರ್ತಿ ತಿಳಿಯದೇ ಇರಬಹುದು, ಪರವಾಗಿಲ್ಲ. ಕೃತ್ತಿಕಾ, ರೋಹಿಣಿ, ಮೃಗ, ಆರ್ದ್ರಾ, ಮಘಾ, ಚಿತ್ರಾ, ಸ್ವಾತಿ ಅನ್ನುವ ಹೆಸರುಗಳು ಎರಡೂ ಭಾಷೆಯಲ್ಲಿ ಒಂದೇ. ಇಂಗ್ಲಿಷ್ ಶೋನಲ್ಲಿ ಕೃತ್ತಿಕೆಗೆ ಪ್ಲೀಯಡೀಸ್, ರೋಹಿಣಿಗೆ ಆಲ್ಡೆಬರಾನ್, ಆರಿದ್ರೆಗೆ ಬೀಟಲ್‌ಜ್ಯೂಸ್ ಅಂದರೆ ಅವರು ಯಾವ ಊರಿನ ಮಾತು ಅಂತ ಹುಡುಕಬೇಕು? ಅರವತ್ತು ವರ್ಷದಿಂದ ಹೆಸರು ಹೇಳಿ ಗೊತ್ತಿದ್ದ ನೆಂಟರನ್ನು ಬೇರೆ ಹೆಸರಿನಿಂದ ಪರಿಚಯ ಮಾಡಿಸಿದ ಹಾಗಾಯಿತು.

ಈ ತಾರಾಲಯ ಶುರುವಾದದ್ದು 1977ರ ಮಾರ್ಚ್‌ನಲ್ಲಿ. ಹಿಂದೆ ನಡುವೆ ದೊಡ್ಡ ಇರುವೆಯಂತೆ ಗುಮ್ಮಟದ ಮೇಲೆ ಚುಕ್ಕಿ ಮೂಡಿಸುವ ಒಂದು ಜೈಸ್ ಕಂಪನಿಯ ಯಂತ್ರ ನಿಂತಿರುತ್ತಿತ್ತು, ಅದು ಏಳುವುದನ್ನು ನೋಡುವುದೇ ಒಂದು ಮಜಾ. ಈಗ ಎಲ್ಲ ಡಿಜಿಟಲ್. ಚಿತ್ರ ಜಾಸ್ತಿ ಓಡುತ್ತದೆ, ಗ್ರಹದೊಳಗೇ ನುಗ್ಗುತ್ತದೆ. ನನಗೆ ಹಳೆಯದೇ ಇಷ್ಟ, ಅದರಲ್ಲಿ ಆಕಾಶ ನಿಧಾನವಾಗಿ ತಿರುಗುತ್ತಿತ್ತು, ಮನುಷ್ಯ ಒಂದು ನಕ್ಷತ್ರವನ್ನು ಹಿಡಿದು ಕೂರಬಹುದಿತ್ತು. ಕುರ್ಚಿ ಹಿಡಿಯುವಾಗ ಹಿಂದಿನ ಸಾಲು ಹಿಡಿಯಿರಿ, ಗುಮ್ಮಟ ಜಾಸ್ತಿ ಕಾಣುತ್ತದೆ, ಕತ್ತೂ ನೋಯುವುದಿಲ್ಲ. ಊಟ ಮಾಡಿಕೊಂಡು ಮಧ್ಯಾಹ್ನದ ಶೋಗೆ ಹೋಗಬೇಡಿ. ಕತ್ತಲು, ಎಸಿ, ಹಿಂದಕ್ಕೆ ಒರಗುವ ಕುರ್ಚಿ. ನಮ್ಮ ಅವ್ವನನ್ನು ಮೊದಲ ಸಲ ಕರೆದುಕೊಂಡು ಹೋದಾಗ ಶನಿಯ ಬಳೆ ಬರುವ ಹೊತ್ತಿಗೆ ಗೊರಕೆ ಶುರುವಾಗಿತ್ತು. ಹೊರಗೆ ಬಂದು "ಭಾಳ ಛಲೋ ಇತ್ತು" ಅಂದಳು.

ಶೋ ಮುಗಿದ ಕೂಡಲೇ ಎದ್ದು ಓಡಬೇಡಿ. ಅಲ್ಲಿನ ಸಿಬ್ಬಂದಿಯಲ್ಲಿ ಆಕಾಶ ಗೊತ್ತಿದ್ದವರು ಇರುತ್ತಾರೆ. ಇವತ್ತು ರಾತ್ರಿ ಕೃತ್ತಿಕೆ ಎಷ್ಟು ಹೊತ್ತಿಗೆ ಹುಟ್ಟುತ್ತದೆ ಅಂತ ಕೇಳಿ. ಹೀಗೆ ಗುರಿಯಿಟ್ಟು ಕೇಳಿದರೆ ಅವರಿಗೂ ಖುಷಿ. ವಿಶ್ವ ಎಷ್ಟು ದೊಡ್ಡದು ಅಂತ ಕೇಳಿದರೆ ಎಲ್ಲರಿಗೂ ಹೇಳುವ ಉತ್ತರವನ್ನೇ ಹೇಳಿ ಕಳಿಸುತ್ತಾರೆ.

ಒಂದು ಗೊಂದಲ ತಪ್ಪಿಸಿಕೊಳ್ಳಿ. ವರ್ಲಿಯಲ್ಲಿ ನೆಹರೂ ತಾರಾಲಯ ಬೇರೆ, ನೆಹರೂ ವಿಜ್ಞಾನ ಕೇಂದ್ರ ಬೇರೆ. ಎರಡೂ ಹತ್ತಿರ ಹತ್ತಿರ, ಹೆಸರೂ ಒಂದೇ ಥರ. ಮಹಾಲಕ್ಷ್ಮಿ ಸ್ಟೇಷನ್‌ನಲ್ಲಿ ಇಳಿದು ಟ್ಯಾಕ್ಸಿಯವನಿಗೆ ಬರೀ "ನೆಹರೂ" ಅಂದರೆ ಅವನಿಗೆ ತೋಚಿದ ಕಡೆ ಬಿಡುತ್ತಾನೆ. ನಾನು ಇಪ್ಪತ್ತೆರಡು ಹುಡುಗರನ್ನು ಕಟ್ಟಿಕೊಂಡು ಒಮ್ಮೆ ಹೀಗೆ ಬೇರೆ ಗೇಟಿನ ಮುಂದೆ ನಿಂತಿದ್ದೆ, ಶೋ ಶುರುವಾಗಲು ಹತ್ತು ನಿಮಿಷ ಇತ್ತು, ಮಳೆ ಬೇರೆ. ವಿಜ್ಞಾನ ಕೇಂದ್ರ 1985ರದ್ದು, ಕೈಯಲ್ಲಿ ಮುಟ್ಟಿ ತಿರುಗಿಸಿ ನೋಡುವ ಸಾಮಾನು ಜಾಸ್ತಿ, ಚಿಕ್ಕವರಿಗೆ ಅದೇ ಇಷ್ಟವಾಗುತ್ತದೆ. ಅಲ್ಲಿ ಕತ್ತಲ ಕೋಣೆಯಲ್ಲಿ ತೂಗುಹಾಕಿದ ಒಂದು ದೊಡ್ಡ ಗೋಳದ ಮೇಲೆ ಭೂಮಿ, ಮೋಡ, ಗ್ರಹಗಳ ಚಿತ್ರ ಹಾಯಿಸುತ್ತಾರೆ. ಮುಂಗಾರಿನ ಮೋಡ ಹೇಗೆ ಚಲಿಸುತ್ತದೆ ಅಂತ ಅತ್ತೆಯವರು ಅಲ್ಲಿ ನೋಡಬಹುದು. ನಡೆಯುವುದು ಮಾತ್ರ ಜಾಸ್ತಿ. ಮೊಣಕಾಲು ನೋವಿದ್ದರೆ ಎರಡನ್ನೂ ಒಂದೇ ದಿನ ಇಟ್ಟುಕೊಳ್ಳಬೇಡಿ.

ಪುಣೆಗೆ ಹೋಗುವ ಮನಸ್ಸಿದ್ದರೆ ಐಯುಕಾ ನೋಡಿ. ಖಗೋಳ ವಿಜ್ಞಾನಿ ಜಯಂತ ನಾರಳೀಕರ್ ಅವರು 1988ರಲ್ಲಿ ಕಟ್ಟಿ ನಿಲ್ಲಿಸಿದ ಖಗೋಳ ಸಂಸ್ಥೆ, ಪುಣೆ ವಿಶ್ವವಿದ್ಯಾಲಯದ ಆವರಣದಲ್ಲೇ ಇದೆ. ಕಟ್ಟಡದ ವಿನ್ಯಾಸ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರದು. ಅದು ಟಿಕೆಟ್ ತಗೊಂಡು ಒಳಗೆ ನುಗ್ಗುವ ಮ್ಯೂಸಿಯಂ ಅಲ್ಲ, ಸಂಶೋಧನೆ ಮಾಡುವವರು ಕೂತಿರುವ ಜಾಗ. ಮೊದಲೇ ಕೇಳಿಕೊಂಡು ಹೋಗಬೇಕು. ನಡುವಿನ ಅಂಗಳದಲ್ಲಿ ನಾಲ್ಕು ಪ್ರತಿಮೆಗಳಿವೆ: ಆರ್ಯಭಟ, ಗೆಲಿಲಿಯೋ, ನ್ಯೂಟನ್, ಐನ್‌ಸ್ಟೈನ್. ಮಗನನ್ನು ಆರ್ಯಭಟನ ಮುಂದೆ ಎರಡು ನಿಮಿಷ ನಿಲ್ಲಿಸಿ. 499ರಲ್ಲಿ, 23ನೇ ವಯಸ್ಸಿಗೆ, ಈ ಮನುಷ್ಯ ಹೇಳಿದ್ದು ಏನೆಂದರೆ, ದೋಣಿಯಲ್ಲಿ ಕೂತು ಮುಂದೆ ಹೋಗುವವನಿಗೆ ದಂಡೆಯ ಮರಗಳು ಹಿಂದಕ್ಕೆ ಓಡಿದಂತೆ ಕಾಣುವ ಹಾಗೆ ನಿಂತ ನಕ್ಷತ್ರಗಳು ನಮಗೆ ಪಡುವಣಕ್ಕೆ ಓಡಿದಂತೆ ಕಾಣುತ್ತವೆ ಅಂತ. ನಮಗೆ ದೋಣಿ ಬೇಡ, ಲೋಕಲ್ ಇದೆ. ದಾದರ್‌ನಲ್ಲಿ ನಮ್ಮ ಗಾಡಿ ಹೊರಟಿತೋ ಪಕ್ಕದ ಫಾಸ್ಟ್ ಹೊರಟಿತೋ ಅಂತ ಒಂದು ಕ್ಷಣ ಗೊತ್ತಾಗದೆ ಕಂಬಿ ಹಿಡಿಯುತ್ತೇವಲ್ಲ, ಅದೇ. ಗ್ರಹಣ ಅಂದರೆ ನೆರಳು ಅಂತಲೂ ಅವನು ಬರೆದ. ರಾಹು ಕೇತು ಕಥೆ ಅದರಿಂದ ನಿಲ್ಲಲಿಲ್ಲ, ಅದು ಬೇರೆ ಮಾತು.

ಅಲ್ಲಿ ಒಂದು ಫೂಕೋ ಲೋಲಕ ಇದೆ. ಉದ್ದನೆಯ ತಂತಿಗೆ ತೂಗುವ ಗುಂಡು. ಅರ್ಧ ಗಂಟೆ ಬಿಟ್ಟು ಬಂದು ನೋಡಿದರೆ ಅದು ಅಲ್ಲಾಡುವ ಗೆರೆ ಸ್ವಲ್ಪ ತಿರುಗಿರುತ್ತದೆ, ಪುಣೆಯಲ್ಲಿ ಗಂಟೆಗೆ ಐದು ಡಿಗ್ರಿಗಿಂತ ಸ್ವಲ್ಪ ಕಮ್ಮಿ. ಪೂರ್ತಿ ಸುತ್ತಲು ಮೂರು ದಿನಕ್ಕಿಂತ ಜಾಸ್ತಿ ಬೇಕು. ಧ್ರುವದ ಮೇಲೆ ನಿಲ್ಲಿಸಿದರೆ ಒಂದೇ ದಿನ ಸಾಕು, ಭೂಮಧ್ಯ ರೇಖೆಯ ಮೇಲೆ ತಿರುಗುವುದೇ ಇಲ್ಲ. ತಿರುಗುತ್ತಿರುವುದು ಭೂಮಿಯೇ ಅಂತ ಆರ್ಯಭಟ ಮಾತಲ್ಲಿ ಹೇಳಿದ್ದನ್ನು ಈ ಗುಂಡು ತೋರಿಸುತ್ತದೆ. ಅವಸರ ಮಾಡದೆ ಅಲ್ಲೇ ಎಲ್ಲಾದರೂ ಕೂತು ಮತ್ತೆ ಹೋಗಿ ನೋಡಿ.

ಹೊರಗೆ ಸಾಮ್ರಾಟ್ ಯಂತ್ರ ಇದೆ. ಜೈಪುರದ ಜಂತರ್ ಮಂತರ್‌ನ ದೊಡ್ಡ ಮೆಟ್ಟಿಲಿನಂಥ ಯಂತ್ರದ ಚಿಕ್ಕ ತಮ್ಮ ಅನ್ನಿ. ಇಳಿಜಾರು ಗೋಡೆಯ ನೆರಳು ಬಾಗಿದ ಪಟ್ಟಿಯ ಮೇಲೆ ಬಿದ್ದು ಗಂಟೆ ತೋರಿಸುತ್ತದೆ. ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. ವಾಚ್ ನೋಡುತ್ತಾರೆ, ನೆರಳು ನೋಡುತ್ತಾರೆ, ತಾಳೆ ಆಗುವುದಿಲ್ಲ, "ಹಳೇದು, ಕೆಟ್ಟಿದೆ" ಅಂತ ಫೋಟೋ ಹೊಡೆದು ಹೊರಡುತ್ತಾರೆ. ಕೆಟ್ಟಿಲ್ಲ ಸ್ವಾಮಿ, ವಾಚೇ ಪುಣೆಯದಲ್ಲ! ನಮ್ಮ ವಾಚಿನ ಟೈಮು 82.5 ಡಿಗ್ರಿ ರೇಖಾಂಶದ್ದು, ಅಂದರೆ ಉತ್ತರ ಪ್ರದೇಶದ ಮಿರ್ಜಾಪುರದ ಕಡೆಯದು. ಪುಣೆಗೆ ಸೂರ್ಯ ಬರುವುದು ಅದಕ್ಕಿಂತ ಸುಮಾರು 35 ನಿಮಿಷ ತಡ, ಮುಂಬೈಗೆ 39 ನಿಮಿಷ, ನಿಮ್ಮ ಗದಗಕ್ಕೆ 27 ನಿಮಿಷದ ಮೇಲೆ. ಇದಲ್ಲದೆ ಭೂಮಿ ಸೂರ್ಯನ ಸುತ್ತ ಒಂದೇ ವೇಗದಲ್ಲಿ ಓಡುವುದಿಲ್ಲ, ವಾಲಿಕೊಂಡೂ ಇದೆ. ಹಾಗಾಗಿ ನೆರಳು ಗಡಿಯಾರ ವರ್ಷದಲ್ಲಿ ಕೆಲವು ದಿನ ಮುಂದೆ ಓಡುತ್ತದೆ, ಕೆಲವು ದಿನ ಹಿಂದೆ ಬೀಳುತ್ತದೆ. ನವೆಂಬರ್ ಮೊದಲ ವಾರ ಅದು 16 ನಿಮಿಷ ಮುಂದೆ. 35ರಲ್ಲಿ 16 ಕಳೆಯಿರಿ. ದೀಪಾವಳಿ ಹೊತ್ತಿಗೆ ಅಲ್ಲಿ ನಿಂತರೆ ನೆರಳು ನಿಮ್ಮ ವಾಚಿಗಿಂತ 19 ನಿಮಿಷದಷ್ಟು ಹಿಂದೆ ಇರಬೇಕು. ಫೆಬ್ರುವರಿಯಲ್ಲಿ ಹೋದರೆ ಮುಕ್ಕಾಲು ಗಂಟೆಗಿಂತ ಜಾಸ್ತಿ ಹಿಂದೆ. ಮಗನಿಗೆ ಮೊದಲೇ ಹೇಳಬೇಡಿ, ಅವನು "ಕೆಟ್ಟಿದೆ" ಅನ್ನಲಿ, ಆಮೇಲೆ ಲೆಕ್ಕ ಕೊಡಿ.

ಮುಂಬೈಗೆ ಇದೇ ವಿಷಯದಲ್ಲಿ ಒಂದು ಹಟ ಇತ್ತು, ಗೊತ್ತಾ? ದೇಶವೆಲ್ಲ ಒಂದೇ ಟೈಮು ಹಿಡಿದ ಮೇಲೂ ಬಾಂಬೆ ಟೈಮು ಅಂತ 39 ನಿಮಿಷ ಹಿಂದಿನ ಗಡಿಯಾರವನ್ನು 1955ರವರೆಗೆ ಇಟ್ಟುಕೊಂಡಿದ್ದರು.    

ಅತ್ತೆಯವರಿಗಾಗಿ ಇನ್ನೊಂದು ಜಾಗ ಹೇಳುತ್ತೇನೆ, ಖಗೋಳಕ್ಕೆ ನೇರ ಸಂಬಂಧ ಇಲ್ಲ. ಫೋರ್ಟ್‌ನಲ್ಲಿ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯ ಇದೆಯಲ್ಲ, ಹಳಬರು ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ ಅನ್ನುವುದು, ಅಲ್ಲಿ ಐಹೊಳೆಯ ಹುಚ್ಚಪ್ಪಯ್ಯನ ಗುಡಿಯ ಛಾವಣಿಯ ಶಿಲ್ಪಗಳಿವೆ. ಗುಡಿಯಲ್ಲಿ ಅವು ನೆತ್ತಿಯ ಮೇಲಿದ್ದವು, ಭುವನೇಶ್ವರಿ ಅನ್ನುತ್ತೇವಲ್ಲ, ಆ ಜಾಗದಲ್ಲಿ. ತಲೆಯೆತ್ತಿ ನೋಡಬೇಕಾದ ದೇವರು ಇಲ್ಲಿ ಗೋಡೆಗೆ ಬಂದು ನಿಂತಿದ್ದಾರೆ. ನಮ್ಮ ಕಡೆಯ ಕಲ್ಲು ಇದು ಅಂದರೆ ಅವರು ಒಂದು ಗಳಿಗೆ ಕೈ ಮುಗಿದಾರು. ನಿಮ್ಮ ಜಿಲ್ಲೆಯದೇ ಒಂದು ಹೆಮ್ಮೆ ಮಗನಿಗೆ ಗೊತ್ತಿರಲಿ. ಕನ್ನಡದಲ್ಲಿ ಜ್ಯೋತಿಷ್ಯದ ಮೊದಲ ಗ್ರಂಥ ಜಾತಕತಿಲಕ, ಬರೆದದ್ದು 1049ರಲ್ಲಿ, ಬರೆದವನು ನರಗುಂದದ ಶ್ರೀಧರಾಚಾರ್ಯ. ಜಾತಕದ ಪುಸ್ತಕವೇ, ನನಗೆ ಅದರ ಫಲಭಾಗದಲ್ಲಿ ಆಸಕ್ತಿ ಇಲ್ಲ. ಆದರೆ ಒಂಬತ್ತು ನೂರು ವರ್ಷಕ್ಕೂ ಹಿಂದೆ ಗ್ರಹ ನಕ್ಷತ್ರದ ಲೆಕ್ಕವನ್ನು ಸಂಸ್ಕೃತ ಬಿಟ್ಟು ಕನ್ನಡದಲ್ಲಿ ಬರೆದವನು ನಿಮ್ಮ ಊರ ಪಕ್ಕದವನು. ಅದು ಸಣ್ಣ ಮಾತಲ್ಲ.

ಹುಡುಗ ಬುದ್ಧಿವಂತ ಇದ್ದಾನೆ ಅನ್ನಿಸುತ್ತದೆ, ಅವನಿಗೆ ಒಂದು ಗಟ್ಟಿ ಪ್ರಶ್ನೆ ಕೊಡಿ. ವಿವೇಕಾನಂದರು ಹುಟ್ಟಿದ್ದು 1863ರ ಜನವರಿ 12ರಂದು. ಅವತ್ತು ಮಕರ ಸಂಕ್ರಾಂತಿ. ಈಗ ಸಂಕ್ರಾಂತಿ 14ಕ್ಕೋ 15ಕ್ಕೋ ಬರುತ್ತದೆ. ಎರಡು ದಿನ ಎಲ್ಲಿ ಹೋಯಿತು? ಉತ್ತರ ಬುಗುರಿಯಲ್ಲಿದೆ. ವೇಗ ಕಮ್ಮಿಯಾದ ಬುಗುರಿ ತಲೆ ತೂಗುವ ಹಾಗೆ ಭೂಮಿಯ ಅಕ್ಷವೂ ತೂಗುತ್ತದೆ, ಒಂದು ಸುತ್ತಿಗೆ ಸುಮಾರು 26,000 ವರ್ಷ. ಸಂಕ್ರಾಂತಿ ನಕ್ಷತ್ರದ ಲೆಕ್ಕದ್ದು, ನಮ್ಮ ತಾರೀಖು ಋತುವಿನ ಲೆಕ್ಕದ್ದು. ಅಕ್ಷ ಹೀಗೆ ತೂಗುವುದರಿಂದ ನಕ್ಷತ್ರದ ಲೆಕ್ಕವೂ ಋತುವಿನ ಲೆಕ್ಕವೂ 72 ವರ್ಷಕ್ಕೆ ಒಂದು ದಿನದಂತೆ ಬೇರೆ ಬೇರೆ ಆಗುತ್ತಾ ಹೋಗುತ್ತವೆ. ಹದಿಮೂರೂವರೆ ದಿನ ಸರಿಯಲು ಹತ್ತಿರ ಹತ್ತಿರ ಸಾವಿರ ವರ್ಷ. ಅಂದರೆ ಸಾವಿರ ವರ್ಷಕ್ಕೆ ಒಂದು ಮಳೆ ನಕ್ಷತ್ರ ಸರಿಯುತ್ತದೆ! ಜಾತಕತಿಲಕದ ಕಾಲದಲ್ಲಿ, ಈಗ ಮಿರಗಾ ಹೊಕ್ಕುವ ಹೊತ್ತಿಗೆ ಆರಿದ್ರೆ ಹೊಕ್ಕುತ್ತಿತ್ತು. ಮುಂಗಾರು ಅಲ್ಲೇ ಇದೆ, ಅದರ ಮೇಲಿನ ಚೀಟಿ ಸರಿದಿದೆ. ಇದನ್ನು ಹಳಬರು ಗಮನಿಸಿರಲಿಲ್ಲ ಅಂತಲ್ಲ. ಸೂರ್ಯ ದಕ್ಷಿಣಕ್ಕೆ ತಿರುಗುವುದು ಒಂದು ಕಾಲಕ್ಕೆ ಆಶ್ಲೇಷದ ನಡುವಿನಿಂದ ಇತ್ತಂತೆ, ಈಗ ಕರ್ಕಾಟಕ ರಾಶಿಯ ಮೊದಲಿಂದ ಆಗುತ್ತಿದೆ ಅಂತ ಖಗೋಳಜ್ಞ ವರಾಹಮಿಹಿರ ಆರನೇ ಶತಮಾನದಲ್ಲೇ ಬರೆದಿಟ್ಟಿದ್ದಾನೆ. ಕಣ್ಣಿಂದ ನೋಡಿ ತಾಳೆ ಮಾಡಿಕೊಳ್ಳಿ ಅಂತಲೂ ಹೇಳುತ್ತಾನೆ. ಇವತ್ತು ಅದೇ ತಿರುವು ಆರಿದ್ರೆ ಹೊಕ್ಕುವ ಹೊತ್ತಿಗೆ, ಜೂನ್ 21, 22ಕ್ಕೆ. ಲ್ಯಾಂಪಿನ ಆಟದ ಚೀಟಿ ಇನ್ನೂ ಗೋಡೆಯ ಮೇಲೆ ಇದ್ದರೆ ಆಶ್ಲೇಷದಿಂದ ಆರಿದ್ರೆಗೆ ಎಷ್ಟು ಮನೆ ಅಂತ ಎಣಿಸಿ ನೋಡಲಿ.

ದೀಪಾವಳಿ ಆದ ಹದಿನೈದು ದಿನಕ್ಕೆ ಕಾರ್ತಿಕ ಹುಣ್ಣಿಮೆ. ಅಷ್ಟು ದಿನ ಅತ್ತೆಯವರು ಇರುವಂತಿದ್ದರೆ ಗಚ್ಚಿಗೆ ಹೋಗಿ. ಕೃತ್ತಿಕೆಯ ಹತ್ತಿರ ಚಂದ್ರ ತುಂಬಿದರೆ ಅದು ಕಾರ್ತಿಕ, ಹೆಸರು ಬಂದದ್ದೇ ಹಾಗೆ. ಡೊಂಬಿವಲಿ ಬೆಳಕಿನಲ್ಲಿ, ಅದೂ ಹುಣ್ಣಿಮೆಯ ದಿನ, ಕೃತ್ತಿಕೆಯ ಸಣ್ಣ ಗೊಂಚಲು ಬರಿಗಣ್ಣಿಗೆ ಸಿಗುವುದು ಕಷ್ಟ. ಬೈನಾಕ್ಯುಲರ್ ಇದ್ದರೆ ಸಿಗುತ್ತದೆ. ಇಲ್ಲದಿದ್ದರೆ ಮರುದಿನ ನೋಡಿ. ಚಂದ್ರ ದಿನಕ್ಕೆ 13 ಡಿಗ್ರಿ ಮುಂದೆ ಹೋಗುತ್ತಾನೆ, ಅಂದರೆ ಸರಿಸುಮಾರು ಒಂದು ನಕ್ಷತ್ರ. ರೋಹಿಣಿಯ ಪಕ್ಕ ಬಂದಿರುತ್ತಾನೆ. ರೋಹಿಣಿ ಕೆಂಪಗೆ, ಒಂಟಿಯಾಗಿ ಎದ್ದು ಕಾಣುತ್ತದೆ, ಮುಂಬೈ ಆಕಾಶದಲ್ಲೂ. ಧ್ರುವ ಸಿಕ್ಕರೆ ಅದನ್ನೂ ಅಳೆಯಿರಿ. ತೋಳು ಚಾಚಿ ಮುಷ್ಟಿ ಹಿಡಿದರೆ ಒಂದು ಮುಷ್ಟಿ ಸುಮಾರು 10 ಡಿಗ್ರಿ. ಇಲ್ಲಿ ಧ್ರುವ ಉತ್ತರದ ಅಂಚಿನಿಂದ ಹತ್ತಿರ ಹತ್ತಿರ ಎರಡು ಮುಷ್ಟಿ ಮೇಲೆ. ಗದಗದಲ್ಲಿ ಒಂದೂವರೆ. ಅತ್ತೆ ಊರಿಗೆ ಹೋಗಿ ಅಳೆದು ಫೋನ್ ಮಾಡಲಿ, ಮೊಮ್ಮಗ ಇಲ್ಲಿ ಅಳೆಯಲಿ.

ಒಳ್ಳೆ ಕತ್ತಲು ಬೇಕಿದ್ದರೆ ಜನವರಿಯಲ್ಲಿ ಕರ್ಜತ್ ಲೈನಿನ ವಾಂಗಣಿ, ನೇರಳ್ ಕಡೆ ಹೋಗಬೇಕು, ನಿಮಗೆ ಡೊಂಬಿವಲಿಯಿಂದ ದೂರ ಏನಲ್ಲ. ನಮ್ಮ ಅವ್ವನನ್ನು ಒಂದು ವರ್ಷ ಹಾಗೆ ಕರೆದುಕೊಂಡು ಹೋಗಿದ್ದೆ. ಶಾಲು ಹೊದ್ದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಳು. "ಅವ್ವಾ, ಇದು ನಿನ್ನ ಮಿರಗಾ" ಅಂತ ಬೆರಳು ಮಾಡಿದೆ. ಬಹಳ ಹೊತ್ತು ನೋಡಿ, "ಇದಾ? ಸುಗ್ಗಿ ಒಳಗ ಕಣ ಕಾಯೂವಾಗ ದಿನಾ ನೋಡೇನಿ, ಇದು ನೆತ್ತಿ ಮ್ಯಾಲಿಂದ ಇಳದ್ರ ನಿಮ್ಮಪ್ಪನ್ನ ಎಬ್ಬಸ್ತಿದ್ದೆ. ಮಳಿ ಮಿರಗಾ ಇದ ಅಂತ ಯಾರ್ ಹೇಳಬೇಕು?" ಅಂದಳು. ಅಂದರೆ ಹೆಸರೂ ಗೊತ್ತಿತ್ತು, ನಕ್ಷತ್ರವೂ ಗೊತ್ತಿತ್ತು, ಎರಡೂ ಒಂದೇ ಅಂತ ಮಾತ್ರ ಗೊತ್ತಿರಲಿಲ್ಲ. ಹೆಸರು ಬರುವುದು ಜೂನ್‌ನಲ್ಲಿ, ಚುಕ್ಕಿ ಬರುವುದು ಸುಗ್ಗಿಯಲ್ಲಿ. ನಿಮ್ಮ ಅತ್ತೆಯವರನ್ನೂ ಕೇಳಿ ನೋಡಿ, ಕಣ ಕಾದವರಾಗಿದ್ದರೆ ಆ ಮೂರು ಚುಕ್ಕಿ ಅವರಿಗೆ ಗೊತ್ತೇ ಇರುತ್ತದೆ.

ಮೊಣಕಾಲಿನ ವಿಷಯ ಮರೆತಿದ್ದೆ. ತಾರಾಲಯಕ್ಕೆ ಮೊದಲೇ ಫೋನ್ ಮಾಡಿ ಮೆಟ್ಟಿಲು, ಲಿಫ್ಟ್ ಕೇಳಿಕೊಳ್ಳಿ, ಮರಾಠಿ ಶೋ ಎಷ್ಟು ಗಂಟೆಗೆ ಅಂತಲೂ ಅದೇ ಫೋನಿನಲ್ಲಿ ಕೇಳಿ. ವಾಪಸ್ ಬರುವಾಗ ಸಂಜೆ ಐದರ ಮೇಲೆ ಲೋಕಲ್ ಹತ್ತಿಸುವ ಸಾಹಸ ಬೇಡ, ಡೊಂಬಿವಲಿ ಗಾಡಿ ಆ ಹೊತ್ತಿಗೆ ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಮತ್ತೆ ಸೋಮವಾರ ಹೋಗಬೇಡಿ, ತಾರಾಲಯಕ್ಕೆ ರಜೆ.